ಹಡಗಿಳಿದು ಬಂದರೆ ಉತಾರದಲ್ಲಿ ಹೆಸರೇ ಇಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ಎಳೆಯವು. ಮನೆಯ ಒಬ್ಬರು ಹಲವು ವರ್ಷ ಹೊರದೇಶದಲ್ಲಿ ಇದ್ದು ಮರಳಿದ್ದಾರೆ, ಇಲ್ಲವೇ ಮರಳುವ ದಾರಿಯಲ್ಲಿದ್ದಾರೆ. ಬಂದು ನೋಡಿದರೆ ಹೊಲ, ಖಾತೆ, ಹೆಸರು ಯಾವುದೂ ಬಿಟ್ಟುಹೋದ ಹಾಗೆ ಇಲ್ಲ, ಏನಾಯಿತೆಂದು ಹೇಳುವವರೂ ಇಲ್ಲ. ಕಂದಾಯ ದಾಖಲೆ, ದಿವಾಣಿ (ಸಿವಿಲ್) ದಾವೆ ಮತ್ತು ಹಡಗು ನೌಕರಿಯ ಕಾಗದಪತ್ರ ಬಲ್ಲವರು ಉತ್ತರಿಸಿದ್ದಾರೆ. ಬರೆದವರ ಹೆಸರು, ಊರು ಬಿಟ್ಟು ತಾಲ್ಲೂಕನ್ನಷ್ಟೇ ಇಟ್ಟಿದ್ದೇವೆ.

ಪ್ರಶ್ನೆ (ಮುಧೋಳ ತಾಲ್ಲೂಕು): ನಮ್ಮ ಕಾಕಾ 2008ರಾಗ ಮುಂಬೈಗೆ ಹೋಗಿ ಸರಕಿನ ಹಡಗಿನ್ಯಾಗ ನೌಕರಿ ಹಿಡಿದ್ರು. 2013ರ ತನಕ ಫೋನ್ ಬರ್ತಿತ್ತು, ಆಮ್ಯಾಲೆ ಪತ್ತೆನ ಇಲ್ಲ. ಹೋದ ತಿಂಗಳು ಹಡಗಿನ್ಯಾಗನ ಮುಂಬೈಗೆ ಬಂದು, ಅಲ್ಲಿಂದ ಮನಿಗೆ ಬಂದಾರ. ಅವರ ಪಾಲಿನ 4 ಎಕರೆ 12 ಗುಂಟೆ ಹೊಲದ ಉತಾರ (ಪಹಣಿ) ತಗಿಸಿದ್ರ ಅವರ ಹೆಸರ ಇಲ್ಲ, ದೊಡ್ಡಪ್ಪನ ಮಗನ ಹೆಸರು ಐತಿ. ಮನ್ಯಾಗ ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂತಾರ. ಪೊಲೀಸ್ ಠಾಣೆಗೆ ಹೋಗಬೇಕೋ, ಕೋರ್ಟಿಗೋ?

ಉತ್ತರ: ಎರಡಕ್ಕೂ ಮೊದಲು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ. ಉತಾರದಿಂದ ಹೆಸರು ತಾನಾಗಿ ಬಿದ್ದುಹೋಗುವುದು ಅಪರೂಪ. ಯಾರೋ ವರ್ದಿ (ಹೆಸರು ಬದಲಿಸುವ ಅರ್ಜಿ) ಕೊಟ್ಟಿರುತ್ತಾರೆ, ಅದಕ್ಕೊಂದು ಕಾಗದ ಲಗತ್ತಿಸಿರುತ್ತಾರೆ, ಒಬ್ಬ ಅಧಿಕಾರಿ ಸಹಿ ಹಾಕಿರುತ್ತಾರೆ. ಮನೆಯಲ್ಲಿ ಯಾರೂ ಹೇಳದ್ದು ಆ ಕಡತದಲ್ಲಿ ಇರುತ್ತದೆ.

ಈಗಿನ ಉತಾರದ 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು, 10ನೇ ಕಾಲಂನಲ್ಲಿ ಆ ಹೆಸರು ಹೇಗೆ ಬಂತು ಎಂಬುದು, 11ರಲ್ಲಿ ಬೋಜಾ (ಸಾಲದ ಹೊರೆ) ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತವೆ. ನಿಮಗೆ ಮೊದಲು ಬೇಕಾದದ್ದು 10ನೇ ಕಾಲಂ. 2012-13ರಿಂದ ಈವರೆಗೆ ಪ್ರತಿ ವರ್ಷದ ಉತಾರ ತೆಗೆಸಿ, ಒಂದರ ಮೇಲೊಂದು ಇಟ್ಟು ನೋಡಿ. ಕಾಕಾ ಅವರ ಹೆಸರು ಯಾವ ವರ್ಷ ಮಾಯವಾಯಿತೋ ಆ ವರ್ಷದ 10ನೇ ಕಾಲಂನಲ್ಲಿ ಒಂದು ಎಂ.ಇ. ಅಥವಾ ಎಂ.ಆರ್. (ಮ್ಯುಟೇಶನ್, ಅಂದರೆ ಹೆಸರು ಬದಲಾವಣೆಯ) ನಂಬರ್ ಇರುತ್ತದೆ. ಆ ನಂಬರಿನ ಇಡೀ ಕಡತದ ದೃಢೀಕೃತ ನಕಲು ಕೇಳಿ ಅರ್ಜಿ ಕೊಡಿ. ಬರಿಯ ಮ್ಯುಟೇಶನ್ ಪ್ರತಿ ಸಾಲದು. ವರ್ದಿ ಅರ್ಜಿ, ಅದರ ಜೊತೆ ಕೊಟ್ಟ ಮರಣ ಪ್ರಮಾಣಪತ್ರ ಅಥವಾ ಪತ್ರ, ವಂಶಾವಳಿ, ಪಂಚನಾಮೆ, ನೋಟಿಸ್ ಮುಟ್ಟಿದ ಸಹಿಗಳು, ಕಂದಾಯ ನಿರೀಕ್ಷಕರ ಆದೇಶ, ಇವೆಲ್ಲ ಬೇಕೆಂದು ಹೆಸರಿಸಿ ಬರೆಯಿರಿ. ಅರ್ಜಿಯ ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ. ಅದು ಏಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಕಡತ ಕೈಗೆ ಬಂದಾಗ ಹೆಚ್ಚಾಗಿ ಕಾಣುವುದು ಇವುಗಳಲ್ಲಿ ಒಂದು.

ಮೊದಲನೆಯದು ವಾರಸಾ. ಕಾಕಾ ತೀರಿಕೊಂಡರೆಂದು ಮರಣ ಪ್ರಮಾಣಪತ್ರ ಕೊಟ್ಟು, ವಂಶಾವಳಿಯಲ್ಲಿ ಅವರ ಹೆಸರಿನ ಮುಂದೆ ‘ಮೃತ’ ಎಂದು ಬರೆದು ಹೆಸರು ತೆಗೆಸಿರುತ್ತಾರೆ. ಆಗ ಪ್ರಮಾಣಪತ್ರದಲ್ಲಿ ಸಾವಿನ ಸ್ಥಳ ನೋಡಿ. ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ ಆಗಬೇಕು. ಹೊರದೇಶದಲ್ಲಿ ಸತ್ತ ಭಾರತೀಯರದ್ದು ಅಲ್ಲಿಯ ಭಾರತೀಯ ದೂತಾವಾಸದಲ್ಲಿ ನೋಂದಾಗುತ್ತದೆ. ಹಡಗಿನ ಮೇಲಿದ್ದವರು ಊರ ಮನೆಯಲ್ಲಿಯೇ ಸತ್ತರೆಂದು ದಾಖಲಾಗಿದ್ದರೆ, ಪಾಸ್‌ಪೋರ್ಟಿನ ಮೊಹರುಗಳೇ ಅದನ್ನು ಸುಳ್ಳು ಮಾಡುತ್ತವೆ. ಸಾವಿನ ದಿನಕ್ಕೂ ನೋಂದಣಿಯ ದಿನಕ್ಕೂ ಒಂದು ವರ್ಷಕ್ಕಿಂತ ಹೆಚ್ಚು ಅಂತರವಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಇರಲೇಬೇಕು. ಆ ಆದೇಶದ ನಂಬರ್ ಹಿಡಿದು ಅದರ ಕಡತವನ್ನೂ ತೆಗೆಸಿ, ಯಾರು ಪ್ರಮಾಣ ಮಾಡಿದರೆಂಬುದು ಅಲ್ಲಿ ಇದೆ.

ಎರಡನೆಯದು ವಾಟ್ನಿ (ಪಾಲುಪತ್ರ) ಅಥವಾ ಹಕ್ಕುಬಿಟ್ಟ ಪತ್ರ, ಅದೂ ಮುಖತ್ಯಾರ ಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ. ಮುಖತ್ಯಾರ ಪತ್ರ ಬರೆದ ದಿನ ಕಾಕಾ ಎಲ್ಲಿದ್ದರು ಎಂಬುದು ಪ್ರಶ್ನೆ. ಬೆಳಗಾವಿಯಲ್ಲಿ ಸಹಿ ಮಾಡಿದರೆಂದು ಇದ್ದು, ಆ ದಿನ ಅವರು ಸಮುದ್ರದಲ್ಲಿದ್ದರೆ ಹೆಚ್ಚು ವಾದ ಬೇಕಿಲ್ಲ. ಹೊರದೇಶದಲ್ಲಿ ಬರೆದದ್ದಾದರೆ ದೂತಾವಾಸದ ದೃಢೀಕರಣ ಮತ್ತು ಅದು ಇಲ್ಲಿ ಬಂದು ಮುಟ್ಟಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿದ ಗುರುತು ಹುಡುಕಿ. ಇನ್ನೊಂದು ಮಾತು: ಬರೆದುಕೊಟ್ಟವರು ಸತ್ತರೆ ಮುಖತ್ಯಾರ ಪತ್ರವೂ ಮುಗಿಯಿತು. ಒಂದು ಕಡತದಲ್ಲಿ 2013ಕ್ಕೆ ಸತ್ತರೆಂದು, ಇನ್ನೊಂದರಲ್ಲಿ 2015ಕ್ಕೆ ಅವರ ಮುಖತ್ಯಾರ ಮಾರಿದನೆಂದು ಇದ್ದರೆ, ಎರಡೂ ಒಟ್ಟಿಗೆ ನಿಲ್ಲಲಾರವು.

ಮೂರನೆಯದು ಬರಿಯ ಎತ್ತಿಬರೆಯುವ ತಪ್ಪು. ‘ಭೂಮಿ’ ಕಂಪ್ಯೂಟರಿಗೆ ದಾಖಲೆ ಏರಿಸುವಾಗ ಜಂಟಿ ಹೆಸರುಗಳಲ್ಲಿ ಒಂದು ಬಿಟ್ಟುಹೋದದ್ದುಂಟು. ಫೋಡಿ (ಸರ್ವೆ ನಂಬರಿನ ವಿಂಗಡಣೆ) ಆಗಿ ಹೊಸ ಹಿಸ್ಸಾ ನಂಬರ್ ಬಿದ್ದಾಗ ಹೆಸರು ಇನ್ನೊಂದು ಹಿಸ್ಸಾದಲ್ಲಿ ಉಳಿದದ್ದೂ ಉಂಟು. ಸರ್ವೆ ನಂಬರಿನ ಎಲ್ಲ ಹಿಸ್ಸಾಗಳ ಉತಾರ ತೆಗೆಸದೆ ಯಾರ ಮೇಲೂ ಸಂಶಯಪಡಬೇಡಿ. ಇಂಥ ತಪ್ಪಿಗೆ ಹಳೆಯ ಕೈಬರಹದ ಉತಾರ ಲಗತ್ತಿಸಿ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಟ್ಟರೆ ಸಾಕು.

ಕಾರಣ ಗೊತ್ತಾದ ಮೇಲೆ ದಾರಿ ಎರಡು ಕವಲಾಗುತ್ತದೆ. ಉತಾರದ ನೋಂದನ್ನು ತೆಗೆಸಲು ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 136(2)ರಂತೆ ಉಪವಿಭಾಗಾಧಿಕಾರಿಗೆ ಅಪೀಲು. ಮುಧೋಳಕ್ಕೆ ಅದು ಜಮಖಂಡಿ ಉಪವಿಭಾಗ. ಅವಧಿ 60 ದಿನ, ಆದೇಶ ಮುಟ್ಟಿದಂದಿನಿಂದ ಅಥವಾ ನೋಂದು ತಿಳಿದಂದಿನಿಂದ. ನಿಮ್ಮ ಕಾಕಾ ಅವರಿಗೆ ತಿಳಿದದ್ದು ಊರಿಗೆ ಬಂದ ಮೇಲೆ. ನಕಲಿಗೆ ಕೊಟ್ಟ ಅರ್ಜಿಯ ಚೀಟಿ ಇಲ್ಲಿ ಸಾಕ್ಷಿಯಾಗುತ್ತದೆ. ಆದರೂ ನೋಂದು ಹಳೆಯದಾದ್ದರಿಂದ ತಡವಾದದ್ದನ್ನು ಮನ್ನಿಸಲು ಬೇರೆ ಅರ್ಜಿ, ಅಫಿಡವಿಟ್, ಪಾಸ್‌ಪೋರ್ಟಿನ ಪ್ರತಿ ಪುಟದ ಝೆರಾಕ್ಸ್ ಸೇರಿಸಲೇಬೇಕು. ಈ ಒಂದು ಅರ್ಜಿ ಇಲ್ಲದ್ದಕ್ಕೇ ಒಳ್ಳೆಯ ಅಪೀಲುಗಳು ಬಿದ್ದುಹೋಗುತ್ತವೆ.

ಎರಡನೆಯ ಕವಲು ದಿವಾಣಿ ನ್ಯಾಯಾಲಯ. ಉತಾರದಲ್ಲಿ ಹೆಸರು ಮರಳಿದ ಮಾತ್ರಕ್ಕೆ ಕಬ್ಜೆ ಮರಳುವುದಿಲ್ಲ. ಉತಾರದ ನೋಂದು ಬೇರೆಯದು ಸಿದ್ಧವಾಗುವ ತನಕ ಸರಿ ಎಂದು ಭಾವಿಸಲಾಗುತ್ತದೆ ಅಷ್ಟೆ, ಅದು ಮಾಲಕಿ ಹುಟ್ಟಿಸುವ ಕಾಗದವಲ್ಲ. ಹೊಲ ಬೇರೆಯವರ ಕಬ್ಜೆಯಲ್ಲಿದ್ದರೆ ಹಕ್ಕಿನ ಘೋಷಣೆ ಮತ್ತು ಕಬ್ಜೆ ಎರಡನ್ನೂ ಒಂದೇ ದಾವೆಯಲ್ಲಿ ಕೇಳಬೇಕು. ಘೋಷಣೆಯೊಂದನ್ನೇ ಕೇಳಿದರೆ ದಾವೆ ನಿಲ್ಲದು. ಬಿಟ್ಟುಹೋದ ಹುಟ್ಟುವಳಿಯನ್ನು ಹಿಂದಿನ 3 ವರ್ಷಗಳಿಗಷ್ಟೇ ಕೇಳಬಹುದು. ಹೊಲ ಮಾರಿಹೋಗುವ ಭಯವಿದ್ದರೆ ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಸಬ್-ರಜಿಸ್ಟ್ರಾರರಿಗೆ ಕೊಡುವ ತಕರಾರು ಪತ್ರವನ್ನು ನೆಚ್ಚಿ ಕೂಡಬೇಡಿ, ಖಾಸಗಿ ತಕರಾರಿನ ಮೇಲೆ ನೋಂದಣಿ ನಿಲ್ಲಿಸಲು ಅವರು ಬದ್ಧರಲ್ಲ.

ಇಲ್ಲೊಂದು ತಪ್ಪು ನಂಬಿಕೆ ಬಹಳ ಮನೆಗಳನ್ನು ಕೆಡಿಸಿದೆ: “ಹೊರದೇಶದಲ್ಲಿದ್ದ ಕಾಲ ಲೆಕ್ಕಕ್ಕೆ ಬರುವುದಿಲ್ಲ” ಎಂಬುದು. ಕಾಲಮಿತಿ ಕಾಯ್ದೆಯ ಕಲಂ 15(5) ಬಿಟ್ಟುಕೊಡುವುದು ಪ್ರತಿವಾದಿ ದೇಶದಲ್ಲಿ ಇಲ್ಲದ ಕಾಲವನ್ನು. ದಾವೆ ಹೂಡುವವರೇ ಹೊರಗಿದ್ದರೆ ಅವರ ಗಡಿಯಾರ ಓಡುತ್ತಲೇ ಇರುತ್ತದೆ. ಮಾಲಕಿ ಹಕ್ಕಿನ ಆಧಾರದ ಮೇಲೆ ಕಬ್ಜೆ ಕೇಳಲು 12 ವರ್ಷ, ಎದುರಿನವರು ಹಕ್ಕಿಗೆ ವಿರುದ್ಧವಾಗಿ ಹಿಡಿದಂದಿನಿಂದ. ನಿಮ್ಮದರಲ್ಲಿ ಸಮಾಧಾನದ ಸಂಗತಿ, ಅಣ್ಣತಮ್ಮಂದಿರ ಜಂಟಿ ಹೊಲದಲ್ಲಿ ಒಬ್ಬರು ಉತ್ತು ಬಿತ್ತಿದ್ದು ಉಳಿದವರ ವಿರುದ್ಧದ ಕಬ್ಜೆ ಎನಿಸುವುದಿಲ್ಲ. ನಿನಗೆ ಪಾಲಿಲ್ಲ ಎಂದು ಬಹಿರಂಗವಾಗಿ ಹೊರಗಿಟ್ಟದ್ದು ಸಿದ್ಧವಾಗಬೇಕು. ಆದರೂ ದಿನ ಕಳೆಯಬೇಡಿ.

ಠಾಣೆಗೆ ಹೋಗುವ ಮಾತು. ಖೊಟ್ಟಿ ಸಹಿ, ಖೊಟ್ಟಿ ಪ್ರಮಾಣಪತ್ರ ಕಡತದಲ್ಲಿ ಕಣ್ಣಿಗೆ ಕಂಡ ಮೇಲೆ ಹೋಗಿ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯ ಕಲಂಗಳೇ ಬೀಳುತ್ತವೆ. ಕಡತ ನೋಡುವ ಮೊದಲೇ ಫಿರ್ಯಾದಿ ಕೊಟ್ಟರೆ, ತಪ್ಪು ಕಂಪ್ಯೂಟರಿನದ್ದೆಂದು ತಿಳಿಯುವ ಹೊತ್ತಿಗೆ ಮನೆ ಒಡೆದಿರುತ್ತದೆ. ಉತಾರದಲ್ಲಿ ಕೈಗೆ ಸಿಗುವವರ ಹೆಸರಿಲ್ಲದೆ ಪಿಕೆಪಿಎಸ್ (ಕೃಷಿ ಪತ್ತಿನ ಸಹಕಾರಿ ಸಂಘ) ಸಾಲ ಸಿಗುವುದಿಲ್ಲ, ಬೆಳೆ ಪರಿಹಾರ, ಬೆಳೆ ವಿಮೆಯೂ ಕಷ್ಟ. ಎಷ್ಟೋ ಮನೆಗಳಲ್ಲಿ ವಾರಸಾ ಮಾಡಿಸಿದ್ದು ಈ ಪೇಚಿಗೆ, ಹೊಲ ನುಂಗುವ ಆಸೆಗಲ್ಲ. ದೊಡ್ಡಪ್ಪನ ಮಗ ಒಪ್ಪಿದರೆ ಇಬ್ಬರೂ ಉಪವಿಭಾಗಾಧಿಕಾರಿಯ ಮುಂದೆ ರಾಜಿ ಬರೆದುಕೊಟ್ಟು ನೋಂದು ರದ್ದು ಮಾಡಿಸಬಹುದು. 11ನೇ ಕಾಲಂನಲ್ಲಿ ಬೋಜಾ ಇದ್ದರೆ ಅದನ್ನು ಯಾರು ತೀರಿಸಬೇಕೆಂಬುದನ್ನು ರಾಜಿಯಲ್ಲಿ ಬಿಡಿಸಿ ಬರೆಯಿರಿ.

ಪ್ರಶ್ನೆ (ಇಂಡಿ ತಾಲ್ಲೂಕು): ನನ್ನ ಯಜಮಾನರು ಕೊಲ್ಲಿ ದೇಶಕ್ಕೆ ಹೋಗಿ 9 ವರ್ಷ ಸುದ್ದಿ ಇರಲಿಲ್ಲ. ಮೈದುನರು ಓಡಾಡಿ ಮರಣ ದಾಖಲೆ ಮಾಡಿಸಿದರು, ನನಗೆ ವಿಧವಾ ವೇತನ ಬರುತ್ತಿತ್ತು. ಈಗ ಅವರು ಬಂದಿದ್ದಾರೆ. ನನ್ನ ಮೇಲೆ ಕೇಸ್ ಆಗುತ್ತದೆಯೇ? ಅವರು ಬದುಕಿದ್ದಾರೆಂದು ಸರ್ಕಾರಕ್ಕೆ ಹೇಗೆ ತಿಳಿಸುವುದು?

ಉತ್ತರ: ತಾಯಿ, ನೀವು ನಂಬಿ ಮಾಡಿದ ಕೆಲಸಕ್ಕೆ ಹೆದರಬೇಡಿ. ಆದರೆ ಅವರು ಬಂದ ಮೇಲೆ ಒಂದು ಕಂತೂ ತೆಗೆದುಕೊಳ್ಳಬೇಡಿ. ನಾಡಕಚೇರಿಗೆ ಇಂದೇ ಬರೆದುಕೊಡಿ: ಯಜಮಾನರು ಬಂದ ದಿನಾಂಕ, ಆ ದಿನದಿಂದ ವೇತನ ನಿಲ್ಲಿಸುವ ಕೋರಿಕೆ, ಮೊದಲು ಅರ್ಜಿ ಹಾಕಿದಾಗ ಅವರ ಸುದ್ದಿ ಇಲ್ಲದಿದ್ದದ್ದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕೇಸ್ ಬೀಳುವುದು ಸಾಮಾನ್ಯವಾಗಿ ತಿಳಿದೂ ಮುಚ್ಚಿಟ್ಟವರ ಮೇಲೆ.

ಮರಣ ದಾಖಲೆಯನ್ನು ಹರಿದು ಹಾಕಲು ಬರುವುದಿಲ್ಲ, ಅಳಿಸಲೂ ಬರುವುದಿಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರ ಕಲಂ 15ರಂತೆ, ನೋಂದು ತಪ್ಪೆಂದು ನೋಂದಣಾಧಿಕಾರಿಗೆ ಮನವರಿಕೆಯಾದರೆ ಮೂಲ ಬರಹವನ್ನು ಮುಟ್ಟದೆ ಅಂಚಿನಲ್ಲಿ ರದ್ದು ಎಂದು ಬರೆದು ಸಹಿ, ದಿನಾಂಕ ಹಾಕುತ್ತಾರೆ. ಆದ್ದರಿಂದ ಅರ್ಜಿಯನ್ನು ಯಜಮಾನರೇ ಖುದ್ದಾಗಿ ಹೋಗಿ, ಪಾಸ್‌ಪೋರ್ಟ್, ದೇಶಕ್ಕೆ ಬಂದ ಮೊಹರು, ಆಧಾರ್, ಅಫಿಡವಿಟ್ ಜೊತೆ ಕೊಡಬೇಕು. ಮೈದುನರ ಅಫಿಡವಿಟ್ ಕೂಡ ಇದ್ದರೆ ಕೆಲಸ ಬೇಗ ಆಗುತ್ತದೆ. ದಾಖಲೆ ನ್ಯಾಯಾಲಯದ ಆದೇಶದ ಮೇಲೆ ಆಗಿದ್ದರೆ ನೋಂದಣಾಧಿಕಾರಿ ತಾವಾಗಿ ರದ್ದು ಮಾಡಲು ಹಿಂಜರಿಯುತ್ತಾರೆ, ಅದು ಸರಿಯೇ. ಆಗ ಅದೇ ನ್ಯಾಯಾಲಯಕ್ಕೆ ಹೋಗಿ ಆದೇಶ ಹಿಂತೆಗೆಸಬೇಕು.

ಕಾನೂನು ಏನು ಹೇಳುತ್ತದೆ ಎಂಬುದೂ ನಿಮಗೆ ಗೊತ್ತಿರಲಿ. 7 ವರ್ಷ ಯಾರ ಸುದ್ದಿಯನ್ನು ಅವರ ಹತ್ತಿರದವರೇ ಕೇಳಿಲ್ಲವೋ ಅವರು ಬದುಕಿದ್ದಾರೆಂದು ಸಿದ್ಧಪಡಿಸುವ ಹೊಣೆ ಹಾಗೆಂದು ಹೇಳುವವರದ್ದು. ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 108, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 111 ಇದನ್ನೇ ಹೇಳುತ್ತವೆ. ಇದು ಊಹೆ ಮಾತ್ರ, ಯಾವ ದಿನ ಸತ್ತರೆಂದು ಅದು ಹೇಳುವುದಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ವಿಮೆಯ ಪ್ರಕರಣವೊಂದರಲ್ಲಿ ಇದನ್ನು ಬಿಡಿಸಿ ಹೇಳಿದೆ. ಮನುಷ್ಯ ಎದುರಿಗೆ ಬಂದು ನಿಂತರೆ ಆ ಊಹೆ ಅಲ್ಲಿಗೆ ಬಿತ್ತು. ರದ್ದಾದ ಪ್ರತಿ ಕೈಗೆ ಬಂದ ಮೇಲೆ ರೇಶನ್ ಕಾರ್ಡ್, ಮತದಾರರ ಪಟ್ಟಿ, ಆಧಾರ್ ಒಂದೊಂದನ್ನೂ ಸರಿಪಡಿಸಿಕೊಳ್ಳಿ. ಪಟ್ಟಿಗೆ ಮತ್ತೆ ಸೇರಲು ನಮೂನೆ 6. ಅನುಕ್ರಮ ತಪ್ಪಿಸಬೇಡಿ: ಮರಣ ದಾಖಲೆ ರದ್ದಾಗದೆ ಉಳಿದುದಕ್ಕೆ ಕೈ ಹಾಕಿದರೆ ಪ್ರತಿ ಕಚೇರಿಯಲ್ಲೂ ಅದೇ ಪ್ರಮಾಣಪತ್ರ ಎದುರಾಗುತ್ತದೆ.

ಪ್ರಶ್ನೆ (ಬೈಲಹೊಂಗಲ ತಾಲ್ಲೂಕು): ನಮ್ಮ ಅಣ್ಣ 17 ವರ್ಷಗಳ ಬಳಿಕ ಊರಿಗೆ ಬಂದಿದ್ದಾನೆ. ಹೊಲ ಕೊಂಡವರು “ಇವನು ಅವನಲ್ಲ, ಹೊಲಕ್ಕಾಗಿ ಯಾರನ್ನೋ ಕರೆತಂದಿದ್ದೀರಿ” ಎನ್ನುತ್ತಾರೆ. ಪಾಸ್‌ಪೋರ್ಟ್ ಕಳೆದಿದೆ. ಡಿಎನ್ಎ ಮಾಡಿಸಿದರೆ ಆಯಿತೇ?

ಉತ್ತರ: ಡಿಎನ್ಎ ಕೊನೆಯ ಮಾತು. ನಿಮ್ಮಿಬ್ಬರ ವೈ ವರ್ಣತಂತು ಹೊಂದಿದರೂ ಅದು ತೋರಿಸುವುದು ಒಂದೇ ಗಂಡು ವಂಶದವರೆಂದು. ಕಾಕಾನ ಮಗನದ್ದೂ ಹಾಗೇ ಹೊಂದುತ್ತದೆ. ತಾಯಿ ಇದ್ದರೆ ತಾಯಿ-ಮಗನ ಪರೀಕ್ಷೆ ಗಟ್ಟಿ, ಅದೂ “ಮಗ” ಎನ್ನುತ್ತದೆಯೇ ಹೊರತು “ಇಂಥ ಹೆಸರಿನ ಮಗ” ಎನ್ನುವುದಿಲ್ಲ. ನ್ಯಾಯಾಲಯಗಳೂ ಕೇಳಿದ ಕೂಡಲೆ ಈ ಪರೀಕ್ಷೆಗೆ ಆದೇಶ ಕೊಡುವುದಿಲ್ಲ.

ಹೋಗುವ ಮೊದಲು ಅಣ್ಣ ಎಲ್ಲೆಲ್ಲಿ ಹೆಬ್ಬೆಟ್ಟು ಒತ್ತಿದ್ದಾರೆ, ನೆನಪು ಮಾಡಿಸಿ. ಬೆರಳ ಗೆರೆ ವಯಸ್ಸಿಗೆ ಬದಲಾಗುವುದಿಲ್ಲ. ಸಬ್-ರಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಅಥವಾ ಒತ್ತೆ ಪತ್ರ ಬರೆದುಕೊಟ್ಟಿದ್ದರೆ ಹೆಬ್ಬೆಟ್ಟಿನ ಗುರುತು ಅಲ್ಲಿಯ ದಾಖಲೆಯಲ್ಲಿ ಇರುತ್ತದೆ. ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ ಕಲಂ 32ಎ ನಂತರದ ಪತ್ರಗಳಲ್ಲಿ ಭಾವಚಿತ್ರವೂ ಇರಬೇಕು. ಪಿಕೆಪಿಎಸ್ ಸಾಲದ ಕಾಗದ, ಬ್ಯಾಂಕಿನ ಸಹಿ ಕಾರ್ಡ್ ಕೂಡ ನೋಡಿ. ಮನೆಯಲ್ಲಿ ಸಿಕ್ಕ ಕಾಗದಕ್ಕಿಂತ ಕಚೇರಿಯ ಕಪಾಟಿನಿಂದ ಬಂದ ಕಾಗದಕ್ಕೆ ತೂಕ ಹೆಚ್ಚು, ಏಕೆಂದರೆ ಅದನ್ನು ನೀವು ತಯಾರಿಸಿದಿರಿ ಎಂದು ಯಾರೂ ಹೇಳಲಾರರು. ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಆ ದಾಖಲೆ ತರಿಸಿ, ಈಗಿನ ಬೆರಳಚ್ಚಿನೊಡನೆ ತಜ್ಞರಿಂದ ಹೋಲಿಸಿ ನೋಡಲು ಕೇಳಿ.

ಶಾಲೆಯ ದಾಖಲಾತಿ ಪುಸ್ತಕದ ನಕಲು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಕ್ಕೆ ಆಧಾರ. ಪಾಸ್‌ಪೋರ್ಟ್ ಕಳೆದವರು ದೂತಾವಾಸದ ತುರ್ತು ಪ್ರಮಾಣಪತ್ರದ ಮೇಲೆ ಬಂದಿರುತ್ತಾರೆ. ಅದರ ಫೋಟೋ ಪ್ರತಿ ಇದ್ದರೆ ಹಳೆಯ ಪಾಸ್‌ಪೋರ್ಟ್ ನಂಬರನ್ನು ಹಿಡಿಯಬಹುದು, ಪಾಸ್‌ಪೋರ್ಟ್ ಕಚೇರಿಯ ಹಳೆಯ ಕಡತದಲ್ಲಿ ಫೋಟೋ, ಸಹಿ ಎರಡೂ ಸಿಗುತ್ತವೆ. ಸಾಕ್ಷಿಗಳನ್ನು ಆರಿಸುವಾಗ ನಿಮ್ಮ ಪಕ್ಷದ ಬಂಧುಗಳನ್ನೇ ಸಾಲಾಗಿ ನಿಲ್ಲಿಸಬೇಡಿ. ಅಣ್ಣನ ಜೊತೆ ಕಲಿತವರು, ಕಲಿಸಿದ ಮಾಸ್ತರರು, ಹೊಲದಲ್ಲಿ ಪಾಲಿಗೆ ದುಡಿದವರು, ಹೀಗೆ ಹೊಲದಲ್ಲಿ ಹಿತಾಸಕ್ತಿ ಇಲ್ಲದ ಮೂವರು ಸಾಕು.

ಪ್ರಶ್ನೆ (ಬೆಳಗಾವಿ ತಾಲ್ಲೂಕು): ತಮ್ಮ ಇರುವ ಹಡಗು ಹೊರದೇಶದ ಬಂದರಿನಲ್ಲಿ ನಿಂತುಬಿಟ್ಟಿದೆ. 7 ತಿಂಗಳ ಪಗಾರ ಬಂದಿಲ್ಲ. ಸದ್ಯ ಮನೆಗೆ ಕಳಿಸುತ್ತೇವೆ, ಪಗಾರ ಆಮೇಲೆ ಎನ್ನುತ್ತಿದ್ದಾರಂತೆ. ಇಳಿಯುವ ಮೊದಲು ಏನು ನೋಡಿಕೊಳ್ಳಬೇಕು?

ಉತ್ತರ: ಇಳಿದ ಮೇಲೆ ಹಡಗಿನ ಒಂದು ಕಾಗದವೂ ಕೈಗೆ ಸಿಗುವುದಿಲ್ಲ ಎಂದುಕೊಂಡು ತಯಾರಾಗಲು ಹೇಳಿ. ಸಿಡಿಸಿ (ನಾವಿಕರ ಸೇವಾ ದಾಖಲೆ) ಪುಸ್ತಕದಲ್ಲಿ ಹಡಗು ಹತ್ತಿದ ದಿನ, ಇಳಿದ ದಿನ, ಎರಡಕ್ಕೂ ಕ್ಯಾಪ್ಟನ್ ಸಹಿ ಮತ್ತು ಮೊಹರು ಇರಬೇಕು. ಇಳಿದ ದಿನ ಖಾಲಿ ಬಿಟ್ಟರೆ ಮುಂದೆ ಎಷ್ಟು ತಿಂಗಳ ಪಗಾರ ಎಂಬುದೇ ತಕರಾರಾಗುತ್ತದೆ. ನೌಕರಿ ಕರಾರಿನ ಪ್ರತಿ, ತಿಂಗಳವಾರು ಪಗಾರ ಚೀಟಿ, ಬಾಕಿ ಎಷ್ಟೆಂದು ಕ್ಯಾಪ್ಟನ್ ಸಹಿ ಮಾಡಿದ ಲೆಕ್ಕ, ತಮ್ಮನ ಹೆಸರಿರುವ ಸಿಬ್ಬಂದಿ ಪಟ್ಟಿ, ಹಡಗಿನ ಐಎಂಒ ನಂಬರ್ (7 ಅಂಕಿಯದು, ಹಡಗಿನ ಹೆಸರು, ಬಾವುಟ ಬದಲಾದರೂ ಇದು ಬದಲಾಗುವುದಿಲ್ಲ), ಇವೆಲ್ಲದರ ಫೋಟೋ ತೆಗೆದು ಅಂದೇ ಮನೆಗೆ ಕಳಿಸಲಿ. “ಎಲ್ಲ ಪಗಾರ ಮುಟ್ಟಿತು” ಎಂಬ ಕಾಗದಕ್ಕೆ ಸಹಿ ಬೇಡವೇ ಬೇಡ. ಅದಿಲ್ಲದೆ ಬಿಡುವುದಿಲ್ಲ ಎಂದರೆ, ಸಹಿಯ ಪಕ್ಕದಲ್ಲೇ ಇಷ್ಟು ತಿಂಗಳ ಬಾಕಿ ಇದೆ ಎಂದು ಕೈಯಿಂದ ಬರೆದು ಫೋಟೋ ಇಟ್ಟುಕೊಳ್ಳಲಿ.

ಕಡಲ ಕಾರ್ಮಿಕ ಒಪ್ಪಂದ 2006ರ ಪ್ರಕಾರ 2 ತಿಂಗಳು ಪಗಾರ ಕೊಡದಿದ್ದರೇ ಸಿಬ್ಬಂದಿಯನ್ನು ಕೈಬಿಟ್ಟಂತೆ. 2017ರ ಜನವರಿಯಿಂದ ಮಾಲೀಕರು ಇದಕ್ಕೆ ವಿಮೆ ಅಥವಾ ಅದಕ್ಕೆ ಸಮನಾದ ಭದ್ರತೆ ಇಟ್ಟಿರಬೇಕು. ಅದರಲ್ಲಿ 4 ತಿಂಗಳವರೆಗಿನ ಬಾಕಿ ಪಗಾರ, ಊರಿಗೆ ಕಳಿಸುವ ಖರ್ಚು ಸೇರಿವೆ. ವಿಮೆ ಕೊಟ್ಟವರ ಹೆಸರು, ಸಂಪರ್ಕ ಇರುವ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂಬ ನಿಯಮವಿದೆ. ಅದರ ಫೋಟೋ ಉಳಿದೆಲ್ಲಕ್ಕಿಂತ ಮುಖ್ಯ. ಭಾರತವೂ ಈ ಒಪ್ಪಂದಕ್ಕೆ ಸೇರಿದ ದೇಶ, ಹಾಗಾಗಿ ಮುಂಬೈಯ ನೌಕಾಯಾನ ಮಹಾನಿರ್ದೇಶಕರ ಕಚೇರಿಗೆ ದೂರು ಕೊಡುವಾಗ ಈ ಪ್ರಮಾಣಪತ್ರದ ನಂಬರ್ ಬರೆಯಿರಿ.

ಉಳಿದ 3 ತಿಂಗಳ ಪಗಾರಕ್ಕೆ ಹಡಗೇ ಜಾಮೀನು. ನಮ್ಮ 2017ರ ಅಡ್ಮಿರಾಲ್ಟಿ ಕಾಯ್ದೆಯಲ್ಲಿ ಸಿಬ್ಬಂದಿಯ ಪಗಾರಕ್ಕೆ ಹಡಗಿನ ಮೇಲೆ ಮೊದಲ ಹಕ್ಕಿದೆ, ಅದು 2 ವರ್ಷ ಬಾಳುತ್ತದೆ. ಆ ಹಡಗು ಭಾರತದ ನೀರಿಗೆ ಬಂದರೆ ಹೈಕೋರ್ಟ್ ಅದನ್ನು ಹಿಡಿದಿಡಬಹುದು. ಕರ್ನಾಟಕ ಹೈಕೋರ್ಟಿಗೂ ಈ ಅಧಿಕಾರವಿದೆ. ಹಡಗು ಎಲ್ಲಿದೆ ಎಂದು ಹುಡುಕಲು ಬೇಕಾಗುವುದು ಐಎಂಒ ನಂಬರ್. ಏಜೆಂಟರು ಲೈಸೆನ್ಸ್ ಇಲ್ಲದವರಾಗಿದ್ದರೆ ದೂರಿನಲ್ಲಿ ಅದನ್ನೂ ಬರೆಯಿರಿ, ಅವರಿಗೆ ಕೊಟ್ಟ ಹಣದ ರಸೀದಿ ಇಡಿ. ಪಾಸ್‌ಪೋರ್ಟ್ ಬೇರೆಯವರ ಬಳಿ ಇದ್ದರೆ ಇಳಿಯುವ ಮುನ್ನ ಕೇಳಿ ಪಡೆಯಬೇಕು. ಸಿಗದಿದ್ದರೆ ದೂತಾವಾಸಕ್ಕೆ ಬರೆದು ತುರ್ತು ಪ್ರಮಾಣಪತ್ರ ಪಡೆಯಲಿ, ಅದು ಒಂದೇ ಪ್ರಯಾಣಕ್ಕೆ. ಊರಿಗೆ ಬರುವ ಮೊದಲೇ ಅದರ ಪ್ರತಿ ತೆಗೆದಿಡಲಿ.

ಪ್ರಶ್ನೆ (ವಿಜಯಪುರ ತಾಲ್ಲೂಕು): ಅಜ್ಜ ಹಿಂದೆ ಹಡಗಿನ ಮೇಲೆ ಇರಾಕಿನ ಬಸ್ರಾಕ್ಕೆ ಹೋಗಿ ಬಂದವರು. ಅವರ ಟ್ರಂಕಿನಲ್ಲಿ ಹೊಲದ ಒಂದು ಕರಾರು ಪತ್ರ ಇದೆ, 1955ರದ್ದೆಂದು ಬರೆದಿದೆ. ಅದು ಆಮೇಲೆ ಸೃಷ್ಟಿಸಿದ್ದೆಂದು ಕೆಲವರು ಹೇಳುತ್ತಾರೆ. ಮೊದಲ ನೋಟಕ್ಕೆ ಹೇಗೆ ಅಳೆಯುವುದು?

ಉತ್ತರ: ಕಾಗದದ ಮೇಲಿನ ಹೆಸರು, ನಾಣ್ಯ, ಮೊಹರುಗಳ ವಯಸ್ಸು ನೋಡಿ. 1956ರ ನವೆಂಬರ್ 1ರ ತನಕ ವಿಜಾಪುರ, ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದವು. 1955ರ ಪತ್ರದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಸುಳ್ಳು. ‘ಕರ್ನಾಟಕ ರಾಜ್ಯ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ರೂಪಾಯಿಗೆ ನೂರು ಪೈಸೆಯ ಲೆಕ್ಕ 1957ರ ಏಪ್ರಿಲ್ 1ರಿಂದ, ಅದಕ್ಕೂ ಮೊದಲಿನ ಸ್ಟ್ಯಾಂಪ್ ಕಾಗದ, ಲೆಕ್ಕ ಎಲ್ಲ ಆಣೆಯಲ್ಲಿರಬೇಕು. 6 ಅಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ಕ್ಕಿಂತ ಮೊದಲು ಇರಲಿಲ್ಲ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ತಾರೀಖಿನ ಮೊಹರಿನಲ್ಲಿ ‘ಬಾಗಲಕೋಟೆ ಜಿಲ್ಲೆ’ ಎಂದಿರಲು ಸಾಧ್ಯವಿಲ್ಲ. ಕಚೇರಿ ಮೊಹರಿನಲ್ಲಿ ‘ವಿಜಯಪುರ’ ಎಂಬ ಬದಲಾದ ಹೆಸರು 2014ರ ನವೆಂಬರ್ 1ರಿಂದ ಈಚಿನದು. ಇಲ್ಲೊಂದು ಎಚ್ಚರಿಕೆ: ಹಳೆಯ ದಾಖಲೆಯ ನಕಲನ್ನು ಇತ್ತೀಚೆಗೆ ಪಡೆದಿದ್ದರೆ ಮೊಹರು ಹೊಸದಾಗಿರುವುದು ಸಹಜ, ಅದನ್ನು ಖೊಟ್ಟಿ ಎನ್ನಬೇಡಿ.

ಅಜ್ಜ ಆ ದಿನ ಊರಲ್ಲಿದ್ದರೇ ಎಂಬುದಕ್ಕೆ ಟ್ರಂಕಿನಲ್ಲಿ ಪಾಸ್‌ಪೋರ್ಟ್ ಅಥವಾ ಸ್ಟೀಮರ್ ಟಿಕೆಟು ಹುಡುಕಿ. ಮುಂಬಯಿ-ಬಸ್ರಾ ದಾರಿಯಲ್ಲಿ ಆಗ ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯ ದಾರಾ, ದ್ವಾರ್ಕಾ, ದುಮ್ರಾ, ದರೇಸಾ ಎಂಬ ಹಡಗುಗಳು ಓಡುತ್ತಿದ್ದವು. ದಾರಾ 1961ರ ಏಪ್ರಿಲ್ 8ರಂದು ದುಬೈ ಬಳಿ ಸ್ಫೋಟಗೊಂಡು 10ರಂದು ಮುಳುಗಿತು, 238 ಮಂದಿ ತೀರಿಕೊಂಡರು. ಆ ತಾರೀಖಿನ ಈಚೆಗೆ ದಾರಾದಲ್ಲಿ ಬಂದೆನೆಂಬ ಮಾತು ಯಾವ ಕಾಗದದಲ್ಲಿದ್ದರೂ ನಿಲ್ಲದು. ದ್ವಾರ್ಕಾ ಮಾತ್ರ 1982ರ ತನಕ ಓಡಿತು. ಈ ಪರೀಕ್ಷೆಗಳಲ್ಲಿ ಪಾಸಾದ ಪತ್ರ ನಿಜವೇ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಸುಳ್ಳಾದದ್ದು ಮಾತ್ರ ಸಿಕ್ಕಿಬೀಳುತ್ತದೆ.

ಪ್ರಶ್ನೆ (ಬೀಳಗಿ ತಾಲ್ಲೂಕು): ನಮ್ಮ ಮಾಮಾ ಪರದೇಶಕ್ಕೆ ಹೋದಾಗ ಹೊಲ ಇತ್ತು. ಬಂದು ನೋಡಿದರೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಪರಿಹಾರ ಯಾರು ತೆಗೆದುಕೊಂಡರೋ ತಿಳಿಯದು. ಬ್ಯಾಂಕಿನ ಖಾತೆಯೂ ಬಂದ್ ಆಗಿದೆಯಂತೆ.

ಉತ್ತರ: ಮುಳುಗಡೆ ಹೊಲದ ಕಥೆ ಉತಾರದಲ್ಲಿ ಅಲ್ಲ, ಐತೀರ್ಪಿನ (ಪರಿಹಾರ ಗೊತ್ತುಮಾಡಿದ ಆದೇಶದ) ಕಡತದಲ್ಲಿ ಇರುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ವಿಶೇಷ ಭೂಸ್ವಾಧೀನಾಧಿಕಾರಿಗಳ ಕಚೇರಿಯಲ್ಲಿ ಸರ್ವೆ ನಂಬರ್, ಹಿಸ್ಸಾ, ಊರಿನ ಹೆಸರು ಕೊಟ್ಟು ಐತೀರ್ಪಿನ ಪ್ರತಿ ಮತ್ತು ಹಣ ಸಂದಾಯದ ವಿವರ ಕೇಳಿ. ಯಾರ ಹೆಸರಿಗೆ, ಎಷ್ಟು ಎಕರೆಗೆ, ಯಾವ ದಿನ ಕೊಟ್ಟರು, ಗುರುತಿಸಿದವರು ಯಾರು, ಎಲ್ಲ ಅಲ್ಲಿದೆ. ಹಕ್ಕಿನ ತಕರಾರು ಇದ್ದುದರಿಂದ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಟ್ಟದ್ದೂ ಇರಬಹುದು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ, ಹಣ ಅಲ್ಲಿಯೇ ಕೂತಿರುತ್ತದೆ.

ಬೇರೆಯವರು ಪಡೆದಿದ್ದರೆ ಸರ್ಕಾರ ಎರಡನೇ ಸಲ ಕೊಡುವುದಿಲ್ಲ. ಆದರೆ 2013ರ ಕೊನೆಯ ತನಕ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ ಕಲಂ 31(2)ರಲ್ಲೇ, ಪಡೆದವರು ನಿಜವಾದ ಹಕ್ಕುದಾರರಿಗೆ ಕೊಡಬೇಕಾದ ಹೊಣೆ ಉಳಿಯುತ್ತದೆ ಎಂದಿತ್ತು. ಅವರ ಮೇಲೆ ದಾವೆ ಹೂಡಬೇಕು. ಹಣದ ದಾವೆಗೆ 3 ವರ್ಷ. ಮೋಸದಿಂದ ಮುಚ್ಚಿಟ್ಟಿದ್ದರೆ ಕಾಲಮಿತಿ ಕಾಯ್ದೆಯ ಕಲಂ 17ರಂತೆ ಮೋಸ ತಿಳಿದಂದಿನಿಂದ ಲೆಕ್ಕ. ಹಾಗಾಗಿ ಕಡತ ನೋಡಿದ ತಾರೀಖನ್ನು ಬರೆದಿಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಹೊಲ ಮೇಲೆದ್ದು ಯಾರೋ ಬಿತ್ತುತ್ತಿರುವುದನ್ನು ಕಂಡು ಜಗಳಕ್ಕೆ ಇಳಿಯಬೇಡಿ. ಸ್ವಾಧೀನವಾದ ಭೂಮಿ ಸರ್ಕಾರದ್ದು, ನೀರು ಇಳಿದರೂ ನಿಮ್ಮದಾಗದು, ಬಿತ್ತಿದವರದ್ದೂ ಆಗದು.

ಬ್ಯಾಂಕಿನ ಮಾತು ಸರಳ. 2 ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, 10 ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಹೋದರೂ ಹಕ್ಕು ಹೋಗುವುದಿಲ್ಲ. ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣದಲ್ಲಿ ಹೆಸರು ಹುಡುಕಿ, ಅದೇ ಬ್ಯಾಂಕಿಗೆ ಗುರುತಿನ ಕಾಗದ ಕೊಟ್ಟು ಕೇಳಿದರೆ ಬ್ಯಾಂಕೇ ಕೊಡುತ್ತದೆ. ಸತ್ತರೆಂದು ನಾಮಿನಿಗೆ ಕೊಟ್ಟುಬಿಟ್ಟಿದ್ದರೆ ಮಾತ್ರ ಬ್ಯಾಂಕ್ ಹೊಣೆಯಿಂದ ಬಿಡುಗಡೆಯಾಗಿರುತ್ತದೆ, ನಾಮಿನಿಯನ್ನೇ ಕೇಳಬೇಕು. ಮಾಮಾ ಅವರು ಕಾಯಮ್ಮಾಗಿ ಮರಳಿದ್ದರೆ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಲು ಅದೇ ಭೇಟಿಯಲ್ಲಿ ಅರ್ಜಿ ಕೊಡಲಿ.